ನೋಂದಣಿ

ತುಲ್ಚಾ ಪೇಟೆಯ ಕಚೇರಿಯಲ್ಲಿ ಗುಮಾಸ್ತೆ ಕೇಳಿದಳು:
ಸಂಸ್ಥೆಯ ವಿಳಾಸ?
ಅನ್ಫೀಸಾ ಅಂದಳು: ಡ್ಯಾನ್ಯೂಬ್ ದಂಡೆ,
ಬೋರಲು ಹಾಕಿದ ದೋಣಿ, ನೀಲಿಯದು.
ಆಕೆ ನಗಲಿಲ್ಲ. ಮನೆ ನಂಬರು ಬೇಕಂತೆ.

ಆಸ್ತಿ?
ಬಿಸ್ಕತ್ತಿನ ಡಬ್ಬಿ, ಒಳಗೆ ನಾನೂರು ಲೇಯಿ ದುಡ್ಡು,
ಒಂದು ಟಾರ್ಚು. ಸೆಲ್ಲು ಕಡ ತಂದದ್ದು.

ಉದ್ದೇಶಕ್ಕೆ ಒಂದೇ ಗೆರೆ ಜಾಗ.
ದೋಣಿಯುದ್ದದ ಮೀನನ್ನು ಅಲ್ಲಿ ಹೇಗೆ ಮಡಚಿಡುವುದು?
ಸ್ಟರ್ಜನ್ ಉಳಿಸುವುದು, ಎಂದು ಬರೆದೆ.
ಬಾಲ ಅಂಚಿನಾಚೆ ಹೋಯಿತು.

ಮೂವರು ಬೇಕು, ನಾವಿಬ್ಬರೇ.
ಬಾಗಿಲಲ್ಲಿ ಟೋಪಿ ಹಿಂಡುತ್ತ ನಿಂತಿದ್ದ ನಿಕಿಫೋರ್,
ಇಪ್ಪತ್ತು ವರ್ಷ ಕದ್ದು ಮೀನಿನ ಮೊಟ್ಟೆ ಮಾರಿದವನು.
ಅವು ಯಾವ ಮಡುವಿನಲ್ಲಿ ತಿರುಗುತ್ತವೆ
ಎಂದು ಊರಲ್ಲಿ ಅವನೊಬ್ಬನಿಗೇ ಗೊತ್ತು.

ಪೆನ್ನು ಕೊಟ್ಟೆವು.
ಒದ್ದಾಡುವ ಜೀವವೊಂದನ್ನು ಹಿಡಿದಂತೆ ಹಿಡಿದು
ತನ್ನ ಹೆಸರನ್ನು ನಿಧಾನ, ಬಹಳ ನಿಧಾನ
ನೀರಿಗೆ ಬಿಟ್ಟ.