ಸ್ಥಳೀಯ ಹೆಸರು

ಮಾನಸಗಂಗೋತ್ರಿಯ ಸಸ್ಯಕೋಣೆ, ಮೂರನೇ ಬೀರು,
ನುಸಿಗುಳಿಗೆಯ ವಾಸನೆ.
ಕಂದು ಲಕೋಟೆಯೊಳಗೆ ಚಿಟಿಕೆಯಷ್ಟು ಬೂದು:
ಎಲ್ಲಿಯದೋ ನಡುಗಡ್ಡೆ, ಮೋಡ ಹೊಕ್ಕು ಮಲಗುವ ಕಾಡು,
ಅಲ್ಲಿ ಬಿಟ್ಟರೆ ಎಲ್ಲೂ ಇಲ್ಲವಂತೆ.

ಅಟೆಂಡರ್ ಜವರಾಯಿ ಮೂಸಿ ನೋಡಿ ಅಂದಿದ್ದ:
‘ನಮ್ಮ ಕಲ್ಲುಹೂವಿನ ದಾಯಾದಿ ಕಣವ್ವ ಇದು.’
ಶಿವರಾಂಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ
ಪೊಟ್ಟಣ ಕಟ್ಟಿಕೊಡುತ್ತಾರಲ್ಲ, ಅದು.
ಹೂವೂ ಅಲ್ಲ, ಬೇರೂ ಇಲ್ಲ,
ಎಣ್ಣೆಗೆ ಬಿದ್ದರೆ ಮಾತ್ರ ಬೀದಿಗೆಲ್ಲ ಗೊತ್ತು.

ಇದಕ್ಕೆ ಅಂಗಡಿಯಿಲ್ಲ, ಒಗ್ಗರಣೆಯಿಲ್ಲ.
ಲೆಡ್ಜರಿನಲ್ಲಿ ಎರಡು ಲ್ಯಾಟಿನ್ ಪದ,
ಪಕ್ಕದಲ್ಲಿ ‘ಸ್ಥಳೀಯ ಹೆಸರು’: ಖಾಲಿ.
ಕೂಗಿ ಕರೆಯಲು ಅಲ್ಲಿ ಯಾರೂ ಇರಲಿಲ್ಲವೇನೋ.

ಅವನು ನಿವೃತ್ತನಾದ ಮಾರನೆಯ ದಿನ
ಲಕೋಟೆ ತೆರೆದೆ. ಕಾಗದದ ಮೇಲೊಂದು
ಬಳೆಯಗಲದ ನೀರಿನ ಕಲೆ.
ಮಾಡಬಾರದ್ದು ಮಾಡಿದ್ದಾನೆ.
ನಲ್ಲಿಯ ಕಾವೇರಿ, ಒಂದೇ ಒಂದು ಹನಿ;
ನಲವತ್ತು ವರ್ಷ ಉಸಿರು ಬಿಗಿಹಿಡಿದದ್ದು
ಅಂಚು ಬಿಚ್ಚಿ ಹಸಿರಾಗಿರಬೇಕು
ಅವನೊಬ್ಬನೆದುರು,
ನಾನು ಊಟದ ಡಬ್ಬಿ ತೊಳೆಯುತ್ತಿದ್ದಾಗ.

ಖಾಲಿ ಕಾಲಮ್ಮಿನಲ್ಲಿ ಪೆನ್ಸಿಲ್ ಗೀಚು,
ಒತ್ತಕ್ಷರಕ್ಕೆ ಹೆದರುವ ಕೈಬರಹ:
ಮಂಜುಗುಟುಕ.

ಅಳಿಸಬೇಕು. ನಿಯಮ.
ರಬ್ಬರು ಇಲ್ಲೇ ಎಲ್ಲೋ ಇತ್ತು,
ವಾರದಿಂದ ಹುಡುಕುತ್ತಿದ್ದೇನೆ.