ಹಿದುಕಿದ ಅವರೆ

ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ
ಅರ್ಧ ಲೀಟರಿನ ಗೀಟಿನ ಪಕ್ಕ
ದಿನಕ್ಕೊಂದು ಚುಕ್ಕೆ ಇಡುತ್ತೇನೆ, ಪೆನ್ಸಿಲಿನಲ್ಲಿ.
ನೀನು ನೋಡಲಿ.
ನೋಡಿ ಏನೂ ಅನ್ನದಿರಲಿ.

ಮೊದಲ ವಾರ ಮನೆಯಲ್ಲಿ
ಎಲ್ಲದಕ್ಕೂ ಉಪ್ಪು ಹೆಚ್ಚು, ಇಲ್ಲ ಕಮ್ಮಿ.
ಫ್ಯಾನು ಕಿರುಗುಟ್ಟುತ್ತದೆ, ಪಕ್ಕದ ಮನೆ ಕೂಸು ಅಳುತ್ತದೆ,
ನನ್ನ ಬಳೆ ಸದ್ದು ಮಾಡುತ್ತದೆ.
"ನಿಂಗೇನ್ ಗೊತ್ತು, ಸುಮ್ಕಿರು" ಅಂದೆ ನೀನು.
ಸುಮ್ಮನಿದ್ದೆ ನಾನು. ಬಚ್ಚಲಿಗೆ ಹೋಗಿ
ನಲ್ಲಿ ಜೋರಾಗಿ ಬಿಟ್ಟುಕೊಂಡು
ನಿನ್ನ ವಂಶವನ್ನೆಲ್ಲ ಬೈದೆ.

ದಿನಕ್ಕೆ ಮುನ್ನೂರು ಚೀಟಿ ಬರೆಯುವವಳು,
ದೊಡ್ಡಾಸ್ಪತ್ರೆಯ ಕಿಟಕಿಯ ಹಿಂದೆ ಕೂತು:
ಹೆಸರು, ವಯಸ್ಸು, ಊರು.
ಕೊತ್ತತ್ತಿ, ಬಸರಾಳು, ಕೆರಗೋಡು.
ತಲೆಯೆತ್ತಿದರೆ ಮೊದಲು ಕಾಣುವುದು
ಕೆಮ್ಮುವವನ ಬೆನ್ನು ಸವರುತ್ತ ನಿಂತ ಕೈ,
ಅದರ ಬಳೆ.
ಮನೆಗೆ ಬಂದು ಇದನ್ನು ನಿನಗೆ ಹೇಳಿಲ್ಲ.
ನಿಮ್ಮಪ್ಪನನ್ನೂ ಹೆದರಿಸಿದ್ದರು.
ಹೆದರಿಕೆ ಹಳತಾಯಿತು, ಬೀಡಿ ಹೊಸದು ಬಂತು.

ಒಂದು ಮಾತು ಒಪ್ಪಿಕೊಳ್ಳಬೇಕು, ಮರಿಲಿಂಗ.
ಆ ಹೊಗೆಯ ಋಣ ನನಗೂ ಇದೆ.
ರಾತ್ರಿ ಉಂಡು ನೀನು ಹೊರಗಿನ ಮೆಟ್ಟಿಲಿಗೆ ಹೋದರೆ
ಪಾತ್ರೆ ಬಿಟ್ಟು ನಾನೂ ಬರುತ್ತಿದ್ದೆ,
ಗಾಳಿ ನೋಡಿಕೊಂಡು ಎರಡು ಮೆಟ್ಟಿಲು ಮೇಲೆ.
ಒಂದು ಸಿಗರೇಟು ಉರಿದು ಮುಗಿಯುವಷ್ಟು ಹೊತ್ತು
ನೀನು ಮಾತಾಡುತ್ತಿದ್ದೆ:
ಸುಟ್ಟುಹೋದ ಮೋಟಾರು,
ಸಾಲ ಹೇಳಿ ಪಂಪು ಹೊತ್ತುಕೊಂಡು ಹೋದವನು,
ಒಮ್ಮೊಮ್ಮೆ, ಸತ್ತ ತಂಗಿ.
ಬಿಟ್ಟ ಮೇಲೆ ಉಂಡ ಕೈ ತೊಳೆದು ನೇರ ಮಲಗಿದೆ, ಗೋಡೆಗೆ ಮುಖ.
ಹತ್ತು ದಿನ,
ಯಾರೋ ಊರು ಬಿಟ್ಟು ಹೋದ ಹಾಗೆ
ಪಾತ್ರೆ ತಿಕ್ಕಿದೆ.

ಹನ್ನೊಂದನೆಯ ದಿನ ಪೇಟೆಬೀದಿಗೆ
ಸೊಗಡು ಅವರೆ ಬಂದಿತ್ತು. ಎರಡು ಕೆಜಿ.
ಮಾರನೆಯ ರಾತ್ರಿ, ನೆನೆಸಿದ ಕಾಳಿನ ಬೋಗುಣಿಯನ್ನು
ಮೆಟ್ಟಿಲ ಮೇಲಿಟ್ಟು "ಹಿದುಕು ಬಾ" ಅಂತ ಕರೆದೆ.
ತಾಮ್ರದ ತಂತಿ ಸುತ್ತುವ ಬೆರಳು,
ಎರಡರ ತುದಿ ಇನ್ನೂ ಹಳದಿ,
ಕಾಳು ಹಿಡಿದು ಒತ್ತಿದರೆ
ಸಿಪ್ಪೆ ನಿನ್ನ ಕೈಲಿ, ಬೇಳೆ ಹಾರಿ
ನನ್ನ ಮೂಗಿಗೆ.
ನಕ್ಕೆವು. ಎಷ್ಟು ದಿನದ ಮೇಲೆ!
ಸೋಪು ಹಚ್ಚಿದರೂ ಹೋಗದ ಸೊಗಡು
ಬೆರಳಿಗೆ ಹತ್ತಿತ್ತು; ಮೂಸುತ್ತ ಕೂತೆ ನೀನು.
ಸಕ್ಕರೆ ಕಾರ್ಖಾನೆ ಚಿಮಣಿ ಕಡೆ ಕೈಮಾಡಿ
"ಅದಕ್ ಯಾರೂ ಬುಡು ಅನ್ನಕಿಲ್ಲ, ನೋಡು."

ಹತ್ತೊಂಬತ್ತನೆಯ ದಿನ ಅಂಗಿಯ ಕಾಲರು ಹೇಳಿತು.
ಬಾಯಿ ತುಂಬ ಸೋಂಪು ಹಾಕಿಕೊಂಡು ಬಂದಿದ್ದೆ,
ಹಿಂದೆ ನಿಮ್ಮವ್ವನ ಮುಂದೆ ಹಾಯುತ್ತಿದ್ದ ಹಾಗೆ.
ಕೇಳಲಿಲ್ಲ. ಸಾರು ಬಡಿಸಿದೆ.
ಸೌಟು ಮಾತ್ರ ಪಾತ್ರೆಗೆ ಎರಡು ಸಲ ತಗುಲಿತು.

ಮೆಟ್ಟಿಲ ಮೇಲೆ ನೀನೇ ಬಾಯಿಬಿಟ್ಟೆ:
"ಒಂದೇ. ಟೀ ಅಂಗಡೀಲಿ.
ನಾನೂರು ಸುತ್ತಿನ ಕಾಯಿಲು, ಮುನ್ನೂರ್ ಆದ್ಮೇಲೆ
ಲೆಕ್ಕ ತಪ್ಪೋಯ್ತು, ತಲೆ ಕೆಟ್ಟೋಯ್ತು."
ಆಮೇಲೆ, ಕಾಳು ನೋಡುತ್ತ:
"ಆ ಚುಕ್ಕೆಗಳ್ನ ಅಳಿಸಾಕ್ಬುಡು."

ಕಾಯಿಲು ಏನು ಮಾಡಿದೆ ಅಂತ ಕೇಳಿದೆ.
"ಬಿಚ್ಚಿ ಎಣಿಸ್ದೆ. ಇನ್ನೇನ್ ಮಾಡ್ಲಿ."
"ತಂತಿ ಬಿಸಾಕಿದ್ಯಾ?"
"ಹುಚ್ಚಾ ನಿಂಗೆ? ತಾಮ್ರ ಕಣೇ!"
ಅಂದು, ನೀನೇ ಒಂದು ಗಳಿಗೆ
ಕೈಯಲ್ಲಿ ಕಾಳು ಹಿಡಿದು ಹಾಗೇ ಕೂತೆ.

ಕ್ಯಾಲೆಂಡರಿನಲ್ಲಿ ಆ ದಿನ ಗೀಟಿದೆ, ಚುಕ್ಕೆಯಿಲ್ಲ.
ಹಿಂದಿನ ಹದಿನೆಂಟು ಹಾಗೇ ಇವೆ.
ಇವತ್ತಿನದು ಇಟ್ಟೆ, ಸ್ವಲ್ಪ ಒತ್ತಿ.

ಅವರೆ ಇನ್ನು ಮೂರು ವಾರ ಬಂದೀತು.
ಅಷ್ಟರಲ್ಲಿ ಹುಣಸೆಹಣ್ಣು ಶುರು;
ನಾರು ಎಳೆದು ಬೀಜ ಬಿಡಿಸುವುದಕ್ಕೆ
ರಾತ್ರಿ ಬಹಳ ಹೊತ್ತು ಹಿಡಿಯುತ್ತದೆ.