‘ಹುಡುಕು’ ಎಂಬವರು ಯಾರೂ ಇಲ್ಲ

ಬ್ಯಾಲರಾಟ್‌ನ ಜುಲೈ. ಹೀಟರಿನ ಮೇಲೆ ಸಾಕ್ಸು ಒಣಹಾಕಿದ್ದೆ.
ಸ್ಮಶಾನದ ಕಚೇರಿಯಿಂದ ಪ್ಯಾಸ್ಕೋ ಫೋನು:
"ನಿಮ್ಮ ಹೊಸ ವೆಬ್‌ಸೈಟು, ಮೇಡಂ,
ಹುಡುಕೋಕೆ ಹೋದರೆ ಹೀಗನ್ನುತ್ತೆ:
‘ಹುಡುಕು’ ಎಂಬ ಹೆಸರಿನವರನ್ನು ಇಲ್ಲಿ ಹೂಳಿಲ್ಲ."

ನಕ್ಕೆ. ಆತ ನಗಲಿಲ್ಲ.
ಎದುರಿಗೆ ಒಬ್ಬಾಕೆ ಕೂತಿದ್ದಾರಂತೆ,
ಬೆಂಡಿಗೋದಿಂದ ಬಸ್ಸು ಹಿಡಿದು ಬಂದವರು,
ಹೂವಿಗೆ ಸುತ್ತಿದ ಕಾಗದ ಮೆತ್ತಗಾಗುತ್ತಿದೆಯಂತೆ.

ಲಾಗಿನಲ್ಲಿ ತಪ್ಪೇ ಇಲ್ಲ, ಎಲ್ಲ ಇನ್ನೂರು, ಎಲ್ಲ ಕ್ಷೇಮ.
ಸರ್ವರನ್ನು ಮಲಗಿಸಿ ಎಬ್ಬಿಸಿದೆ. ಕ್ಯಾಶ್ ತೊಳೆದೆ.
ಕೊನೆಯ ಓರೆಗೆರೆ ಅಳಿಸಿದೆ, ಮತ್ತೆ ಹಾಕಿದೆ.
ಒಂದೂವರೆ ಗಂಟೆ.
ಆಮೇಲೆ ದಾರಿಗಳ ಪಟ್ಟಿ ತೆರೆದು
ಕಾಗುಣಿತ ಕಲಿಯುವ ಮಗುವಿನ ಹಾಗೆ ಬೆರಳಿಟ್ಟು ಓದಿದೆ:

ಸಮಾಧಿ, ಓರೆಗೆರೆ, ಯಾವುದಾದರೂ ಹೆಸರು
(ಹನ್ನೆರಡನೇ ಸಾಲು)
ಸಮಾಧಿ, ಓರೆಗೆರೆ, ಹುಡುಕು
(ಹದಿಮೂರು)

ಮೇಲಿಂದ ಕೆಳಗೆ ಓದುವ ಯಂತ್ರ
ಮೊದಲು ತೆರೆದ ಬಾಗಿಲಿಗೇ ನುಗ್ಗುತ್ತದೆ;
ಹನ್ನೆರಡರಲ್ಲಿ ಕೂತ ಮಹಾರಾಯ
ಬಂದದ್ದನ್ನೆಲ್ಲ ಹೆಸರೆಂದೇ ನಂಬಿ
ಸತ್ತವರ ಪಟ್ಟಿಗೆ ಅಟ್ಟುತ್ತಿದ್ದ.
ಅವನನ್ನು ಅಲ್ಲಿ ಕೂರಿಸಿದವಳು ನಾನೇ,
ಮಾರ್ಚಿನ ಯಾವುದೋ ಶುಕ್ರವಾರ, ಮನೆಗೆ ಹೋಗುವ ಅವಸರದಲ್ಲಿ.

ಹದಿಮೂರನ್ನು ಎತ್ತಿ ಹನ್ನೆರಡರ ತಲೆಮೇಲಿಟ್ಟೆ.
ಅಷ್ಟೇ ರಿಪೇರಿ.

ಸಂಜೆ ಮತ್ತೆ ಪ್ಯಾಸ್ಕೋ.
"ಸಿಕ್ಕಿತು. ಬೇಲಿ ಪಕ್ಕದ ಸಾಲು. ಆಕೆಯ ತಮ್ಮ.
ಎರಡೇ ದಿನ ಬದುಕಿದ್ದು, ಅರವತ್ತೊಂದರಲ್ಲಿ.
ತಾರೀಖು ಹಾಕಿ ಹುಡುಕಿದೆವು,
ಹೆಸರೇ ಇಟ್ಟಿರಲಿಲ್ಲವಲ್ಲ."

ಫೋನು ಕೆಳಗಿಟ್ಟೆ.
ಹನ್ನೆರಡನೇ ಸಾಲನ್ನು ಇನ್ನೊಮ್ಮೆ ಓದಿದೆ.
ಯಾವುದಾದರೂ ಹೆಸರು.

ಹೀಟರಿನ ಮೇಲೆ ಸಾಕ್ಸು ಕಮರಿತ್ತು.